ಸೂಚಿಸಿದವರಿಗೆ ಪಾತ್ರವಿಲ್ಲ

"ಬೆಳಕು… ನಿಧಾನವಾಗಿ… ಆರುತ್ತದೆ" ಎಂದು ಓದುವಾಗ ಚಿಕ್ಕಮ್ಮನ ಮೈದುನನ ಗಂಟಲು ಕಟ್ಟಿತು. ಕಣ್ಣಂಚು ಕೂಡ ಒದ್ದೆಯಾದ ಹಾಗೆ ಕಂಡಿತು. ಚಿಕ್ಕಮ್ಮನಿಗೆ ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಅಷ್ಟು ಹೊತ್ತಿನಿಂದ ನಾಟಕದ ಮುದುಕಿ ಆಡುವ ಮಾತುಗಳನ್ನೆಲ್ಲ ಕರೆಂಟು ಬಿಲ್ಲು ಓದಿದ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದ್ದ ಪುಣ್ಯಾತ್ಮ, ಬೆಳಕಿನ ವಿಷಯ ಬಂದ ಕೂಡಲೇ ಕರಗಿ ನೀರಾಗಿಬಿಟ್ಟಿದ್ದ.

ತಪ್ಪೆಲ್ಲ ಅವನದೇ ಎನ್ನುವ ಹಾಗೂ ಇರಲಿಲ್ಲ. ಹಗಲು ಮನೆಮನೆಗೆ ಹೋಗಿ ವೈರಿಂಗ್ ಮಾಡುವವನು, ಸಂಜೆ ತಂಡದ ನಾಟಕಗಳಿಗೆ ಬೆಳಕು ಬಿಡುವವನು. ನಾಟಕದ ಪ್ರತಿ ಕೈಗೆ ಬಂದರೆ ಅವನು ಮೊದಲು ಹುಡುಕುವುದು ಕಂಸದೊಳಗೆ ಏನಿದೆ ಎನ್ನುವುದನ್ನು. ಎಲ್ಲಿ ನೀಲಿ, ಎಲ್ಲಿ ಹಳದಿ, ಎಲ್ಲಿ ಪೂರ್ತಿ ಕತ್ತಲು. ನಡುವೆ ಮನುಷ್ಯರು ಆಡುವ ಮಾತೆಲ್ಲ ಅವನ ಪಾಲಿಗೆ ಒಂದು ಸ್ವಿಚ್ಚಿನಿಂದ ಇನ್ನೊಂದು ಸ್ವಿಚ್ಚಿಗೆ ಹೋಗುವ ದಾರಿ. ಇದೇನು ಚಿಕ್ಕಮ್ಮನಿಗೆ ಗೊತ್ತಿಲ್ಲದ ಸಂಗತಿಯೇ? ಗೊತ್ತಿದ್ದೂ ಈ ನಾಟಕವನ್ನು ಅವನ ಕೈಗೇ ಕೊಟ್ಟಳಲ್ಲ, ಅವಳ ಬುದ್ಧಿಗೆ ಏನೆನ್ನಬೇಕು!

ರಂಗಮಂದಿರದ ಹಿಂಭಾಗದ ಬಣ್ಣದ ಕೋಣೆಯಲ್ಲಿ ಆಯ್ಕೆ ಸಮಿತಿ ಸೇರಿತ್ತು. ಭಾನುವಾರದ ಮಧ್ಯಾಹ್ನ. ಉಡುಪಿನ ಪೆಟ್ಟಿಗೆಗಳನ್ನು ಗೋಡೆಗೆ ತಳ್ಳಿ, ನಡುವೆ ಒಂದು ಮೇಜು ಹಾಕಿ, ಸುತ್ತ ನಾಲ್ವರು, ಮೂಲೆಯಲ್ಲಿ ಒಬ್ಬರು, ಒಟ್ಟು ಐದು ಜನ ಕೂತಿದ್ದರು. ಕನ್ನಡಿಯ ಸುತ್ತಲಿನ ಬಲ್ಬುಗಳಲ್ಲಿ ಅರ್ಧ ಉರಿಯುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು, ಮೈದುನನಿಗೆ ಅದನ್ನು ಸರಿಮಾಡಲು ಪುರಸೊತ್ತಿಲ್ಲ. ಮೀಸೆ ಅಂಟಿಸುವ ಗೋಂದಿನ ವಾಸನೆ ಗೋಡೆಗೇ ಹಿಡಿದುಬಿಟ್ಟಿತ್ತು. ಎದುರಿನ ಅಂಗಡಿಯಿಂದ ತರಿಸಿದ ಟೀ ಲೋಟಗಳು ಮೇಜಿನ ತುಂಬ ಇದ್ದವು.

ತಂಡ ವರ್ಷಕ್ಕೆ ನಾಲ್ಕು ನಾಟಕ ಆಡುತ್ತದೆ. ಈ ವರ್ಷಕ್ಕೆ ಎರಡು ಆಗಲೇ ಗೊತ್ತಾಗಿದ್ದವು, ಇನ್ನೆರಡು ಆಗಬೇಕಿತ್ತು. ನಾಟಕದ ಪ್ರತಿಗಳನ್ನು ಮನೆಗೆ ಕೊಟ್ಟು ಕಳಿಸಿದರೆ ಯಾರೂ ಓದಿಕೊಂಡು ಬರುವುದಿಲ್ಲ, ಓದಿದೆವೆಂದು ಸುಳ್ಳು ಹೇಳುತ್ತಾರೆ. ಆದ್ದರಿಂದ ನಾಟಕ ಸೂಚಿಸುವವರು ಮೊದಲ ದೃಶ್ಯವನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು ಎನ್ನುವುದು ತಂಡದ ಪದ್ಧತಿ. ಯಾರು ಓದಿದರೋ ಅವರೇ ಸೂಚಿಸಿದವರು. ಸೂಚಿಸಿದವರಿಗೆ ಆ ನಾಟಕದಲ್ಲಿ ಪಾತ್ರವಿಲ್ಲ.

ಈ ಎರಡನೆಯ ನಿಯಮವನ್ನು ಮಾಡಿಸಿದವಳು ಬೇರೆ ಯಾರೂ ಅಲ್ಲ, ಚಿಕ್ಕಮ್ಮನೇ.

ಅವಳ ಅಕ್ಕನ ಮಗ ತಂಡದ ಕಾರ್ಯದರ್ಶಿ. ಅವನು ಚಿಕ್ಕಮ್ಮ ಎಂದು ಕರೆದ, ತಂಡವೆಲ್ಲ ಹಾಗೇ ಕರೆಯಿತು. ಊರಿನ ಮುಖ್ಯ ಬೀದಿಯಲ್ಲಿ ಅವಳದು ಕನ್ನಡಕದ ಅಂಗಡಿ. ಗಂಡ ಒಳಗೆ ಕೂತು ಗಾಜು ಉಜ್ಜಿದರೆ ಇವಳು ಹೊರಗೆ ಗಿರಾಕಿಗಳ ಕಣ್ಣು ನೋಡುತ್ತಾಳೆ. "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಗಾಜು ಬದಲಿಸಿ ಬದಲಿಸಿ ಕೇಳುವಾಗ ಎದುರಿಗಿದ್ದವರು ಸುಳ್ಳು ಹೇಳಿದರೆ ಅವಳಿಗೆ ತಕ್ಷಣ ತಿಳಿಯುತ್ತದೆ. ತಂಡದಲ್ಲಿ ತನ್ನಷ್ಟು ಚೆನ್ನಾಗಿ ಪಾತ್ರ ಮಾಡುವವರು ಇನ್ನೊಬ್ಬರಿಲ್ಲ ಎನ್ನುವುದೂ ಅವಳಿಗೆ ತಿಳಿದಿತ್ತು. ಜಂಬ ಎಂದರೆ ಜಂಬ. ಇದ್ದದ್ದನ್ನು ಇಲ್ಲ ಎನ್ನುವುದು ಹೇಗೆ?

ನಿಯಮ ಮಾಡಿಸಿದ್ದು ಮಹಾರಾಜರ ಕಾಟ ತಡೆಯಲಾರದೆ. ಮಹಾರಾಜರೆಂದರೆ ಔಷಧಿ ಅಂಗಡಿಯ ಯಜಮಾನರು. ಆಗಿನ ದಿನಗಳಲ್ಲಿ ಅವರೇ ನಾಟಕ ಆರಿಸುತ್ತಿದ್ದರು. ಆರಿಸಿದ ನಾಟಕದಲ್ಲೆಲ್ಲ ಒಬ್ಬ ರಾಜ ಇರುತ್ತಿದ್ದ, ಆ ರಾಜ ಅವರೇ ಆಗಿರುತ್ತಿದ್ದರು, ಮತ್ತು ಕೊನೆಯ ಅಂಕದಲ್ಲಿ ಆ ರಾಜ ಸಾಯುತ್ತಿದ್ದ. ಸಾಯುವುದೆಂದರೆ ಅಂತಿಂಥ ಸಾಯುವುದಲ್ಲ. ಎದೆ ಹಿಡಿದುಕೊಂಡು ಒಂದು ಸಲ ಬೀಳುವುದು, ಎದ್ದು ಮಾತಾಡುವುದು, ಮತ್ತೆ ಬೀಳುವುದು. ಪ್ರೇಕ್ಷಕರು ಎದ್ದು ಹೋಗಿ ಟೀ ಕುಡಿದು ಬಂದರೂ ರಾಜರಿಗೆ ಇನ್ನೂ ಜೀವ ಇರುತ್ತಿತ್ತು. ಒಂದು ವರ್ಷ ಹೀಗೇ ಮೂರನೆಯ ರಾಜ ಸತ್ತ ಮೇಲೆ ಚಿಕ್ಕಮ್ಮ ಸಭೆಯಲ್ಲಿ ಎದ್ದು ನಿಂತು, "ಆಸೆ ಇರೋರ ಕೈಗೆ ಸೌಟು ಕೊಟ್ರೆ ಪಂಕ್ತಿಗೆ ಊಟ ಸಿಗಲ್ಲ" ಎಂದು ಗುಡುಗಿದ್ದಳು. ಚಪ್ಪಾಳೆ ಬಿತ್ತು, ನಿಯಮ ಆಯಿತು.

ಉಳಿದವರೆಲ್ಲ ಬಹು ಬೇಗ ದಾರಿ ಕಂಡುಕೊಂಡರು. ನನ್ನದನ್ನು ನೀನು ಸೂಚಿಸು, ನಿನ್ನದನ್ನು ನಾನು ಸೂಚಿಸುತ್ತೇನೆ. ಮಹಾರಾಜರ ರಾಜನನ್ನು ಸೂಚಿಸುವವರು ಮಾತ್ರ ಯಾರೂ ಹುಟ್ಟಲಿಲ್ಲ. ಅವರು ಮುನಿಸಿಕೊಂಡು ಮನೆಯಲ್ಲಿ ಕೂರುತ್ತಾರೆಂದು ಎಲ್ಲರೂ ಅಂದುಕೊಂಡರೆ, ಮನುಷ್ಯ ಪಕ್ಕದ ತೆರೆಯ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸಕ್ಕೆ ನಿಂತರು. ಅಂದಿನಿಂದ ಇಂದಿನವರೆಗೆ ಅದೇ ಸ್ಟೂಲು. ಸಭೆಯನ್ನು ಒಂದು ಸಲವೂ ತಪ್ಪಿಸಿದವರಲ್ಲ.

ಇತ್ತ ಚಿಕ್ಕಮ್ಮನ ಕಾಲವೂ ತಿರುಗಿತು. ಅರವತ್ತು ಹತ್ತಿರ ಬಂದ ಹೆಂಗಸಿಗೆ ನಾಟಕದಲ್ಲಿ ಏನಿರುತ್ತದೆ? ಎರಡನೆಯ ಅಂಕದಲ್ಲಿ ಬಂದು "ಎಲ್ಲರೂ ಊಟಕ್ಕೆ ಏಳಿ" ಎನ್ನುವ ತಾಯಿ. ಮಗಳ ಮದುವೆ ನಿಂತಾಗ ಸೆರಗು ಬಾಯಿಗೆ ಒತ್ತಿಕೊಳ್ಳುವ ಅತ್ತೆ. ಹೋದ ವರ್ಷವಂತೂ ಅವಳನ್ನು ರಂಗದ ಮೇಲೆ ಬಿಡಲೇ ಇಲ್ಲ. ಒಳಗಿನ ಕೋಣೆಯಲ್ಲಿ ಕಾಯಿಲೆ ಬಿದ್ದ ಅಜ್ಜಿ, ಬರೀ ಕೆಮ್ಮು. ಮರುದಿನ ಪತ್ರಿಕೆಯಲ್ಲಿ "ಕೆಮ್ಮು ಸಹಜವಾಗಿತ್ತು" ಎಂದು ಬಂದದ್ದನ್ನು ಗಂಡ ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದ. ಅವಳು ನಕ್ಕಳು. ಆ ರಾತ್ರಿ ಅತ್ತಳು ಕೂಡ.

ಹಾಗಿರುವಾಗ ಕೈಗೆ ಬಂತು ಈ ನಾಟಕ. ಹೆಸರು "ಲೈನಿನಲ್ಲೇ ಇರಿ". ಹೆಸರೇ ಕೇಳದ ಊರಿನ ಯಾರೋ ಹೊಸಬ ಬರೆದದ್ದು. ಹಳೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ಒಬ್ಬ ಹೆಂಗಸು. ಊರಿನವರ ಮಾತೆಲ್ಲ ಅವಳ ಕಿವಿಯಲ್ಲಿ ಹಾದು ಹೋಗಿದೆ. ಈಗ ಒಬ್ಬೊಬ್ಬರೇ ಬಂದು, ಆವತ್ತು ನಮ್ಮವರು ಏನೆಂದರು, ಯಾರಿಗೆ ಫೋನ್ ಮಾಡಿದರು ಎಂದು ಕೇಳುತ್ತಾರೆ. ಆರಂಭದಿಂದ ಕೊನೆಯವರೆಗೆ ಆ ಹೆಂಗಸು ರಂಗ ಬಿಟ್ಟು ಇಳಿಯುವುದಿಲ್ಲ. ಚಿಕ್ಕಮ್ಮ ಅದನ್ನು ಅಂಗಡಿಯಲ್ಲಿ ನಿಂತೇ ಓದಿ ಮುಗಿಸಿದಳು. ಕಣ್ಣಿಗೆ ಔಷಧಿ ಬಿಡಿಸಿಕೊಂಡು ಕೂತ ಗಿರಾಕಿಯೊಬ್ಬ "ಅಮ್ಮಾ, ಕಣ್ಣು ಬಿಡಬಹುದಾ?" ಎಂದು ಎಷ್ಟೋ ಸಲ ಕೇಳಿದ ಮೇಲೆ, "ಇನ್ನೂ ಮುಚ್ಚಿಕೊಂಡೇ ಇದ್ದೀರಾ?" ಎಂದಳು.

ಈ ಪಾತ್ರ ತನ್ನದು. ಇದನ್ನು ಬಿಟ್ಟರೆ ಇನ್ನೊಂದು ಬರುವುದಿಲ್ಲ. ಬರುವ ಹೊತ್ತಿಗೆ ಮಂಡಿ ಇರುವುದಿಲ್ಲ, ಇಲ್ಲವೇ ಧ್ವನಿ ಇರುವುದಿಲ್ಲ. ಅದು ಅವಳಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಆದರೆ ತಾನೇ ಸೂಚಿಸುವ ಹಾಗಿಲ್ಲ. ಅಕ್ಕನ ಮಗ ಸಭೆ ನಡೆಸುವವನು, ಅವನು ಸೂಚಿಸುವ ಹಾಗಿಲ್ಲ. ಗಂಡ ತಂಡದವನೇ ಅಲ್ಲ. ಲೆಕ್ಕದ ಟೀಚರಿಗೆ ತಮ್ಮದೇ ನಾಟಕವಿತ್ತು, ಮಹಾರಾಜರನ್ನು ಕೇಳಲು ಮುಖವಿಲ್ಲ. ಉಳಿದದ್ದು ಮೈದುನ. ಅವನನ್ನು ಅಂಗಡಿಯ ಹಿಂದೆ ಕೂರಿಸಿಕೊಂಡು ವಾರವೆಲ್ಲ ತಿದ್ದಿದಳು. "ಇಲ್ಲಿ ನಿಲ್ಲಿಸು. ಇಲ್ಲಿ ಉಸಿರು ತಗೋ. ಇಲ್ಲಿ ಅವಳು ನಗ್ತಾಳೆ, ಆದ್ರೆ ನಗು ಬಂದಿಲ್ಲ, ಗೊತ್ತಾಯ್ತಾ?" ಎಂದರೆ ಅವನು "ಗೊತ್ತಾಯ್ತು ಅತ್ತಿಗೆ" ಎಂದು ತಲೆಯಾಡಿಸಿದ. ಈಗ ನೋಡಿದರೆ ಇದು.

"ಮುಗೀತು" ಎಂದು ಮೈದುನ ಪ್ರತಿಯನ್ನು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡ. "ಆ ಹಳದಿ ವೃತ್ತ ಇದೆಯಲ್ಲ, ಅದ್ಭುತ."

ಲೆಕ್ಕದ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳುವ, ಇನ್ನೂ ನಲವತ್ತು ತುಂಬದ ಹೆಂಗಸು. ಚುರುಕು, ಒಳ್ಳೆಯವರು, ನಾಟಕಕ್ಕೆ ಎಷ್ಟು ಜನ ಬಂದರೆನ್ನುವುದನ್ನು ಬಾಗಿಲಲ್ಲೇ ನಿಂತು ಎಣಿಸುವವರು. ಸ್ವಲ್ಪ ಹೊತ್ತಿನ ಮುಂಚೆ ಅವರೊಂದು ಹಾಸ್ಯ ನಾಟಕ ಓದಿದ್ದರು. ಒಂದೇ ಮನೆಗೆ ಹೆಣ್ಣು ನೋಡಲು ಬರುವ ಅವಳಿ ಮದುಮಕ್ಕಳ ಗಲಾಟೆ. ಅದನ್ನು ಕೇಳಿ ಚಿಕ್ಕಮ್ಮನೂ ನಕ್ಕಿದ್ದಳು, ಸುಳ್ಳು ಹೇಳಬಾರದು.

"ಬೇಜಾರು ಮಾಡ್ಕೋಬೇಡಿ" ಎಂದರು ಟೀಚರ್. "ಒಬ್ಬ ಅಜ್ಜಿ, ಒಂದು ಕುರ್ಚಿ, ಒಂದು ಫೋನು. ಏಳಲ್ಲ, ಓಡಾಡಲ್ಲ. ಇದನ್ನ ಯಾರು ಬಂದು ನೋಡ್ತಾರೆ? ಮೂರನೇ ಸಾಲಿನವರೇ ಮಲಗಿಬಿಡ್ತಾರೆ."

"ಬೆಳಕು ಚೆನ್ನಾಗಿದೆ" ಎಂದ ಮೈದುನ, ಕೈಲಾದ ಸಹಾಯ ಮಾಡುವವನಂತೆ.

"ಬೆಳಕನ್ನ ನೋಡೋಕೆ ಮನೇಲಿ ಟ್ಯೂಬ್‌ಲೈಟ್ ಇಲ್ವಾ?"

ಅಕ್ಕನ ಮಗ ಚಿಕ್ಕಮ್ಮನ ಮುಖ ನೋಡಿದ. ಪೆನ್ನು ಕೈಯಲ್ಲಿತ್ತು. "ಹಾಗಾದ್ರೆ ಇದನ್ನ ಬಿಡೋಣ ಅಂತೀರಾ?" ಎಂದು ಎಲ್ಲರನ್ನೂ ಕೇಳಿದ. ಮಹಾರಾಜರು ಮೂಲೆಯಲ್ಲಿ, ತಮ್ಮ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎಂದಿನ ಹಾಗೆ ಸುಮ್ಮನೆ ಕೂತಿದ್ದರು.

ಚಿಕ್ಕಮ್ಮನಿಗೆ ಪಾತ್ರ ಹೋಗುವುದು ಒಂದು ಸಂಕಟ. ಆದರೆ ಇಂಥ ನಾಟಕ, ಎಲ್ಲೋ ಯಾರೋ ರಾತ್ರಿ ಹಗಲು ಕೂತು ಬರೆದದ್ದು, ಓದುವವನ ತಪ್ಪಿಗೆ ಕಸದ ಬುಟ್ಟಿಗೆ ಹೋಗುವುದು ಇನ್ನೊಂದು ಸಂಕಟ. ಇದು ಅವಳ ಮೈಗೆ ಒಗ್ಗುವ ಮಾತೇ ಅಲ್ಲ.

"ಕೊಡು ಇಲ್ಲಿ" ಎಂದು ಕೈ ಚಾಚಿದಳು.

"ಚಿಕ್ಕಮ್ಮ!" ಅಕ್ಕನ ಮಗನಿಗೆ ಗಾಬರಿ. "ಓದಿದ್ರೆ ನೀನೇ ಸೂಚಿಸಿದ ಹಾಗೆ. ಆಮೇಲೆ…"

"ಗೊತ್ತು ಕಣೋ. ಆ ನಿಯಮ ಮಾಡೋವಾಗ ನಿನಗೆ ಮೀಸೆ ಬಂದಿರಲಿಲ್ಲ."

ಅವಳು ಎದ್ದು ನಿಲ್ಲಲಿಲ್ಲ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಪಾದ ಎರಡನ್ನೂ ನೆಲಕ್ಕೆ ಊರಿ ಕೂತಳು. ಕನ್ನಡಕ ಹಾಕಿಕೊಂಡಳು, ಮತ್ತೆ ತೆಗೆದಿಟ್ಟಳು. ಮೊದಲ ದೃಶ್ಯ ಅವಳಿಗೆ ಬಾಯಿಪಾಠವಾಗಿತ್ತು. ಎಡಗೈಯನ್ನು ಕಿವಿಯ ಹತ್ತಿರ ತಂದು, ಯಾರದೋ ಮಾತಿಗೆ ಕಾಯುವವಳ ಹಾಗೆ ಕಾದಳು. ಮೈದುನ ಹಾಗೆ ಕಾದಿರಲೇ ಇಲ್ಲ.

"ಹಲೋ. ನಂಬರ್ ಹೇಳಿ" ಎಂದಳು. ಸುಮ್ಮನಾದಳು. ಮತ್ತೆ, ಸ್ವಲ್ಪ ತಗ್ಗಿದ ದನಿಯಲ್ಲಿ, "ನಂಬರ್ ಹೇಳೀಂದ್ರೆ" ಎಂದಳು. ಆಮೇಲೆ ಕೈಯನ್ನು ಮೆಲ್ಲಗೆ ಇಳಿಸಿದಳು. "ಯಾರೂ ಇಲ್ಲ. ಯಂತ್ರ ಕಿತ್ತುಕೊಂಡು ಹೋದರು, ಕುರ್ಚಿ ಬಿಟ್ಟು ಹೋದರು. ಇದಕ್ಕೆ ಯಾರು ಬೆಲೆ ಕೊಡ್ತಾರೆ ಅಂದರು. ನನ್ನನ್ನೂ ಹಾಗೇ ಬಿಟ್ಟು ಹೋದರು ಅನ್ನಿ. ಈ ಊರಲ್ಲಿ ಯಾರ ಮನೆ ಹಾಲು ಎಷ್ಟು ಹೊತ್ತಿಗೆ ಉಕ್ಕಿತು ಅಂತ ಕೂಡ ಈ ಕಿವಿಗೆ ಗೊತ್ತು. ಹೆರಿಗೆ ಆಯ್ತು ಅಂತ ಮೊದಲು ಕೇಳಿದವಳು ನಾನು. ತೀರಿಕೊಂಡರು ಅಂತ ಮೊದಲು ಕೇಳಿದವಳು ನಾನು. ಅಪ್ಪನಿಗಿಂತ ಮುಂಚೆ, ಮಗನಿಗಿಂತ ಮುಂಚೆ. ಕೇಳಿ, ಅಳು ಬಂದರೆ ನುಂಗಿ, ಲೈನಿನಲ್ಲೇ ಇರಿ ಅಂದೆ. ಅಷ್ಟು ವರ್ಷ ಎಲ್ಲರಿಗೂ ಎಲ್ಲರನ್ನೂ ಸೇರಿಸಿಕೊಟ್ಟೆ. ಒಂದೇ ಒಂದು ಸಲ, ತಪ್ಪಿ ಕೂಡ, ನನಗೆ ಅಂತ ಒಂದು ಕರೆ ಬರಲಿಲ್ಲ."

ಕೊನೆಯ ಮಾತಿಗೆ ಅವಳು ಅಳಲಿಲ್ಲ. ಗಿರಾಕಿಗೆ ಕನ್ನಡಕದ ನಂಬರು ಹೇಳುವಷ್ಟು ಸಲೀಸಾಗಿ ಹೇಳಿದಳು. ಮುಂದಿನ ಪುಟಕ್ಕೆ ಹೋದಳು, ಅದರ ಮುಂದಿನದಕ್ಕೆ ಹೋದಳು. ಸತ್ತ ಹೆಂಡತಿಯ ಕೊನೆಯ ಫೋನು ಯಾರಿಗಿತ್ತೆಂದು ಕೇಳಲು ಬಂದ ಗಂಡಸಿನ ಮಾತನ್ನೂ ಅವಳೇ ಆಡಿದಳು. ಆಡುತ್ತಾ ಆಡುತ್ತಾ ತಾನು ಯಾಕೆ ಓದುತ್ತಿದ್ದೇನೆ, ಓದಿದರೆ ಏನು ಹೋಗುತ್ತದೆ ಎನ್ನುವುದೆಲ್ಲ ತಲೆಯಿಂದ ಹಾರಿಹೋಯಿತು. ಸುಖವಾಗಿತ್ತು, ಅಷ್ಟೇ. ಬಹಳ ದಿನದ ಮೇಲೆ ಮೈತುಂಬ ಸುಖವಾಗಿತ್ತು.

ದೃಶ್ಯ ಮುಗಿದಾಗ ಅಕ್ಕನ ಮಗ ಪೆನ್ನಿನ ಮುಚ್ಚಳ ಹಾಕಿಟ್ಟಿದ್ದ. ಮೈದುನ "ಓಹೋ, ಮಾತು ಹೀಗಿದೆಯಾ!" ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಮೊದಲು ಮಾತಾಡಿದವರು ಟೀಚರ್. "ನನ್ನ ಮಾತು ವಾಪಸ್" ಎಂದರು. ಆ ಗುಣ ಅವರಲ್ಲಿತ್ತು, ಸೋತರೆ ಸೋತೆ ಎನ್ನುವುದು. "ಇದನ್ನೇ ಮಾಡೋಣ. ಮೂರನೇ ನಾಟಕ ಇದು. ಮಲಗೋದಿರಲಿ, ಒಬ್ಬರೂ ಕಣ್ಣು ಮಿಟುಕಿಸಲ್ಲ."

ಐದೂ ಕೈ ಮೇಲೆದ್ದವು. ಅಕ್ಕನ ಮಗ ಬರೆದುಕೊಂಡ. ಚಿಕ್ಕಮ್ಮನಿಗೆ ಒಂದು ಕ್ಷಣ ಗೆದ್ದ ಹಿಗ್ಗು ಬಂತು. ಹಿಗ್ಗು ಗಂಟಲಿನಿಂದ ಕೆಳಗಿಳಿಯುವ ಮೊದಲೇ ಟೀಚರ್ ಮುಂದುವರಿಸಿದರು.

"ಪಾತ್ರ ಯಾರಿಗೆ ಅಂತ ಈಗಲೇ ಯೋಚನೆ ಮಾಡ್ಬೇಕು. ಚಿಕ್ಕಮ್ಮನವರು ಓದಿ ಸೂಚಿಸಿದ್ರಲ್ಲ, ಅವರು ಮಾಡೋ ಹಾಗಿಲ್ಲ. ನಾನೇ ಪ್ರಯತ್ನ ಮಾಡ್ಲಾ? ಕೂದಲಿಗೆ ಬಿಳಿ ಬಳ್ಕೊಂಡ್ರೆ ಆಯ್ತು. ಸೊಂಟ ಸ್ವಲ್ಪ ಬಗ್ಗಿಸಿ ನಡೆದ್ರೆ…"

ಸೊಂಟ ಬಗ್ಗಿಸುತ್ತಾಳಂತೆ! ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗೆ ಆಯಿತು, ಮೇಲೆ ನಿಂತು ಮಣ್ಣು ಎಳೆಯುವವರೂ ಸಿಕ್ಕರು. ಇಷ್ಟು ಹೊತ್ತಿಗೆ ಹಳೆಯ ಚಿಕ್ಕಮ್ಮನಾಗಿದ್ದರೆ ನಕ್ಕು, "ಅದಕ್ಕೇನಂತೆ, ನೀವೆಲ್ಲ ಹೇಳಿದ ಹಾಗೆ" ಎಂದು ಲೋಟ ತೆಗೆಯಲು ಏಳುತ್ತಿದ್ದಳು. ಕೆಮ್ಮುವ ಪಾತ್ರ ಕೊಟ್ಟಾಗಲೂ ಹಾಗೇ ಅಂದಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂತು ಕೂಡ. ಆದರೆ ಬಾಯಿ ಬಿಟ್ಟಾಗ ಬಂದದ್ದು ಬೇರೆ.

"ನನಗೆ ಬೇಕು ಆ ಪಾತ್ರ."

"ಏನಂದ್ರಿ?"

"ನನಗೆ ಬೇಕು ಅಂದೆ. ನಾನು ಮಾಡ್ತೀನಿ. ನನ್ನಷ್ಟು ಚೆನ್ನಾಗಿ ಇದನ್ನ ಈ ಊರಲ್ಲಿ ಇನ್ಯಾರೂ ಮಾಡಲ್ಲ. ಟೀಚರ್, ನಿಮಗೆ ಬೇಜಾರಾದ್ರೆ ಆಗ್ಲಿ. ನಿಮಗೆ ಇನ್ನೂ ಇಪ್ಪತ್ತು ವರ್ಷ ಪಾತ್ರ ಬರ್ತಾವೆ, ನನಗೆ ಬರಲ್ಲ."

ಹೇಳಿದ ಮೇಲೆ ಅವಳ ಕಿವಿಯೆಲ್ಲ ಬಿಸಿಯಾಯಿತು. ಇದನ್ನು ಇಷ್ಟು ಬೆತ್ತಲೆಯಾಗಿ ಯಾರಾದರೂ ಹೇಳುತ್ತಾರೆಯೇ? ಮೈದುನ ನೆಲ ನೋಡಿದ. ಅಕ್ಕನ ಮಗ "ಆದ್ರೆ ನಿಯಮ…" ಎಂದು ಶುರುಮಾಡಿ ನಿಲ್ಲಿಸಿದ.

ಮೂಲೆಯಿಂದ ಒಂದು ಕೆಮ್ಮು ಕೇಳಿಸಿತು. ಮಹಾರಾಜರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"'ಆಸೆ ಇರೋರ ಕೈಗೆ ಸೌಟು ಕೊಟ್ರೆ ಪಂಕ್ತಿಗೆ ಊಟ ಸಿಗಲ್ಲ'" ಎಂದರು. ಒಂದಕ್ಷರ ಆಚೀಚೆ ಆಗಲಿಲ್ಲ. ಎಲ್ಲರ ಮಾತನ್ನೂ ನೆನಪಿಟ್ಟುಕೊಳ್ಳುವುದೇ ಅಲ್ಲವೇ ಅವರ ಕೆಲಸ. "ಯಾರ ಮಾತು ತಾಯಿ ಇದು?"

ಬಂತಪ್ಪಾ, ಎಂದುಕೊಂಡಳು ಚಿಕ್ಕಮ್ಮ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತು ಕಾದದ್ದು ಈ ಗಳಿಗೆಗೇ ಇರಬೇಕು. ಕಾದಿದ್ದರೆ ಅವರ ತಪ್ಪೇನೂ ಇಲ್ಲ. ಅವಳು ತಲೆ ತಗ್ಗಿಸಲಿಲ್ಲ.

"ನನ್ನದೇ ಮಾತು. ಆಗ ನನಗೆ ಹಸಿವಿರಲಿಲ್ಲ, ಹಾಗಂದೆ. ವರ್ಷಕ್ಕೆ ಎರಡು ಪಾತ್ರ ತಾವಾಗೇ ಮನೆ ಬಾಗಿಲಿಗೆ ಬರ್ತಿದ್ವು. ಹೊಟ್ಟೆ ತುಂಬಿದೋರಿಗೆ ಪಂಕ್ತಿ ಮಾತು ಆಡೋದು ಸುಲಭ. ಈಗ ಹಸಿವಾಗಿದೆ. ನಿಯಮ ತೆಗೀರಿ ಅಂತ ಕೇಳ್ತಿದ್ದೀನಿ."

"ತೆಗೆದ್ರೆ ಆಮೇಲೆ ಎಲ್ಲರೂ ತಮಗೆ ಬೇಕಾದ್ದನ್ನೇ ತರ್ತಾರೆ" ಎಂದರು ಟೀಚರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಇತ್ತು. "ನಾವು ನಾಟಕ ಆರಿಸೋದು ನೋಡೋರಿಗೋಸ್ಕರ, ನಮಗೋಸ್ಕರ ಅಲ್ಲ. ನಾನು ಒಪ್ಪಲ್ಲ."

"ಕೈ ಎತ್ತಿಸೋಣ" ಎಂದ ಅಕ್ಕನ ಮಗ, ಬೆವರೊರೆಸಿಕೊಂಡು. "ಸಭೆ ನಡೆಸೋನು ನಾನು, ಕೇಳ್ತಿರೋದು ನನ್ನ ಸ್ವಂತ ಚಿಕ್ಕಮ್ಮ. ನಾನು ಯಾವ ಕಡೆಗೂ ಎತ್ತಲ್ಲ. ನಿಯಮ ತೆಗೀಬೇಕು ಅನ್ನೋರು?"

ಮೈದುನನ ಕೈ ಚಕ್ಕನೆ ಮೇಲೆ ಹೋಯಿತು. ವಾರವೆಲ್ಲ ತಿದ್ದಿಸಿಕೊಂಡು ಕೊನೆಗೆ ಎಲ್ಲ ಕೆಡಿಸಿದವನು ಇಷ್ಟಾದರೂ ಮಾಡಲಿ. ಟೀಚರ್ ಎರಡೂ ಕೈ ಕಟ್ಟಿಕೊಂಡು ಕೂತರು. ಒಂದಕ್ಕೆ ಒಂದಾಯಿತು. ಎಲ್ಲರ ಕಣ್ಣೂ ಮೂಲೆಯ ಕಡೆ ತಿರುಗಿತು.

ಮಹಾರಾಜರ ಕೈ ಚೀಲದ ಮೇಲೇ ಇತ್ತು. "ನನ್ನದು ಆಮೇಲೆ" ಎಂದರು. "ಮೊದಲು ನಿಮ್ಮ ಕೈ ಎಲ್ಲಿ?"

"ನನ್ನದಾ?"

"ನೀವೂ ಸಮಿತಿಯವರೇ ಅಲ್ವಾ?"

ತಂಡದಲ್ಲಿ ಯಾರ ವಿಷಯ ಬಂದಿದೆಯೋ ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತಾ ಕೂರುತ್ತಾರೆ. ಅದು ಯಾವ ನಿಯಮದಲ್ಲೂ ಬರೆದಿಲ್ಲ, ಮರ್ಯಾದೆ ಅಷ್ಟೇ. ತನಗೆ ತಾನೇ ಬಡಿಸಿಕೊಳ್ಳುವವರನ್ನು ಕಂಡರೆ ಯಾರು ಮೆಚ್ಚುತ್ತಾರೆ? ಚಿಕ್ಕಮ್ಮ ತನ್ನ ಕೈ ನೋಡಿಕೊಂಡಳು. ಎಷ್ಟು ಜನರ ಮೂಗಿನ ಮೇಲೆ ಕನ್ನಡಕ ಕೂರಿಸಿದ ಕೈ ಅದು. ಎತ್ತಿದಳು. ಮೊಣಕೈ ಮೇಜಿಗೆ ಊರಿ ಅರ್ಧ ಎತ್ತಿದ್ದಲ್ಲ, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ನೆಟ್ಟಗೆ ಎತ್ತಿದಳು.

ಮಹಾರಾಜರು ಅದನ್ನು ನೋಡಿ ತಲೆಯಾಡಿಸಿದರು. "ಇಷ್ಟು ವರ್ಷ ತೆರೆ ಹಿಂದೆ ಕೂತು ನಿಮ್ಮೆಲ್ಲರಿಗೂ ಮಾತು ಎತ್ತಿಕೊಟ್ಟೆ" ಎಂದರು. "ರಂಗದ ಮೇಲೆ ಏನೇನೋ ಕೇಳ್ತೀರಿ, ರಾಜ್ಯ ಕೇಳ್ತೀರಿ, ಪ್ರಾಣ ಕೇಳ್ತೀರಿ. ಈ ಕೋಣೆಗೆ ಬಂದ್ರೆ ಮಾತ್ರ ಎಲ್ಲರದೂ ಒಂದೇ ಪಾಠ, 'ನೀವು ಹೇಳಿದ ಹಾಗೆ'. ನನಗೆ ಬೇಕು ಅಂತ ಒಬ್ಬರಾದ್ರೂ ಬಾಯಿಬಿಟ್ಟು ಅಂದ್ರಲ್ಲ, ಸಾಕು ತಾಯಿ." ಹೀಗೆಂದು ತಮ್ಮ ಕೈಯನ್ನೂ ಎತ್ತಿದರು.

ಮೂರಕ್ಕೆ ಒಂದು. ಅಕ್ಕನ ಮಗ ತಂಡದ ಪುಸ್ತಕ ತೆರೆದು ನಿಯಮದ ಸಾಲಿನ ಮೇಲೆ ಗೆರೆ ಎಳೆದ. ಎಳೆದ ಮೇಲೆ ಚಿಕ್ಕಮ್ಮನ ಕಡೆ ತಿರುಗಿ ಕಣ್ಣಲ್ಲೇ ನಕ್ಕ. ಅವಳಿಗೆ ನಗಲು ಆಗಲಿಲ್ಲ. ಬಾಯಿ ಬಿಟ್ಟರೆ ಎಲ್ಲಿ ಅಳು ಬಂದುಬಿಡುತ್ತದೋ ಎಂದು ತುಟಿ ಬಿಗಿಹಿಡಿದು, ಪ್ರತಿಯನ್ನು ಎದೆಗೆ ಒತ್ತಿಕೊಂಡು ಕೂತಳು. ಪಾತ್ರ ತನ್ನದು. ಯಾರೂ ಕೊಟ್ಟದ್ದಲ್ಲ, ಕೇಳಿ ತೆಗೆದುಕೊಂಡದ್ದು.

"ಒಂದು ಜಾಗ ಉಳೀತು" ಎಂದರು ಟೀಚರ್, ಚೇತರಿಸಿಕೊಂಡು. "ನಾಲ್ಕನೇದಕ್ಕೆ ನನ್ನ ಅವಳಿ ಮದುಮಕ್ಕಳು. ಬೇರೆ ಯಾರದೂ ಇಲ್ಲ ಅಲ್ವಾ?"

"ನನ್ನದೊಂದಿದೆ" ಎಂದರು ಮಹಾರಾಜರು.

ಚೀಲದ ದಾರ ಬಿಚ್ಚಿದರು. ಆ ಚೀಲವನ್ನು ಅವರು ಪ್ರತಿ ಸಭೆಗೂ ತರುತ್ತಿದ್ದರು. ಅಂಗಡಿಯಿಂದ ಯಾರಿಗೋ ಕೊಡಬೇಕಾದ ಔಷಧಿ ಇರಬೇಕೆಂದು ಎಲ್ಲರೂ ತಿಳಿದಿದ್ದರು. ಒಳಗಿಂದ ಬಂದದ್ದು ನಾಟಕದ ಒಂದು ಪ್ರತಿ. ಮೂಲೆಗಳೆಲ್ಲ ಸವೆದು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಯಾರೂ ಕೇಳಲಿಲ್ಲ, ಆದರೂ ಅದರಲ್ಲಿ ಒಬ್ಬ ರಾಜ ಇದ್ದಾನೆಂದು ಎಲ್ಲರಿಗೂ ತಿಳಿಯಿತು.

"ನೋಡಿದ್ರಾ?" ಟೀಚರ್ ಚಿಕ್ಕಮ್ಮನ ಕಡೆ ಕೈ ತೋರಿಸಿದರು. "ನಾನು ಹೇಳಿದ್ದು ಇದನ್ನೇ! ಇನ್ನೂ ನಿಯಮ ತೆಗೆದ ಶಾಯಿ ಒಣಗಿಲ್ಲ!"

"ಸಾಯೋ ದೃಶ್ಯ ಅರ್ಧ ಮಾಡಿದ್ದೀನಿ" ಎಂದರು ಮಹಾರಾಜರು, ಬಹಳ ಗಂಭೀರವಾಗಿ.

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಅರ್ಧ ಅಂದ್ರೂ ಟೀ ಕುಡಿದು ಬರೋವಷ್ಟು ಹೊತ್ತು ಇರುತ್ತಲ್ಲ ಯಜಮಾನ್ರೇ!"

"ಟೀ ಆಗಲ್ಲ. ನೀರು ಕುಡಿದು ಬರಬಹುದು."

ಮೈದುನ ಗೊಳ್ಳೆಂದು ನಕ್ಕ. ಅಕ್ಕನ ಮಗನೂ ನಕ್ಕ. ಟೀಚರ್ ಕೂಡ ಮುಖ ತಿರುಗಿಸಿಕೊಂಡು ನಕ್ಕರು. ಮಹಾರಾಜರು ಮಾತ್ರ ನಗಲಿಲ್ಲ. ಅವರು ಚಿಕ್ಕಮ್ಮನನ್ನೇ ನೋಡುತ್ತಿದ್ದರು. ಗಾಜು ಬದಲಿಸುವಾಗ ಕೆಲವರು ಹೀಗೇ ನೋಡುತ್ತಾರೆ, ಮುಂದಿನ ಗಾಜಿನಲ್ಲಾದರೂ ಕಾಣಿಸೀತೇ ಎಂದು. ಅವಳ ನಗು ನಿಂತಿತು.

"ನೀವು ಓದಿದ್ರಿ, ನಾನು ಓದಿದೆ. ಅವರೂ ಓದಲಿ" ಎಂದಳು ಟೀಚರಿಗೆ. "ಆಮೇಲೆ ಕೈ ಎತ್ತೋದು ಇದ್ದೇ ಇದೆ. ಓದಿ ಯಜಮಾನ್ರೇ."

ಮಹಾರಾಜರು ಎದ್ದು ಮೇಜಿನ ಹತ್ತಿರ ಬಂದರು. ಒಂದು ಮಂಡಿ ಸ್ವಲ್ಪ ಎಳೆಯುತ್ತಿತ್ತು. ಕುರ್ಚಿಯ ಬೆನ್ನನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತು, ಬೆನ್ನು ನೇರ ಮಾಡಿಕೊಂಡು, ಉಸಿರು ತುಂಬಿಕೊಂಡರು. ಅವರ ಬಲಗೈ ಆಗಲೇ ಮೈಯಿಂದ ದೂರ ಸರಿದು, ಇಡೀ ಆಸ್ಥಾನವನ್ನು ತೋರಿಸುವವರ ಹಾಗೆ ಮೇಲೇಳತೊಡಗಿತ್ತು.

ಚಿಕ್ಕಮ್ಮ ಮುಂದಕ್ಕೆ ಬಾಗಿ, ಮೇಜಿನ ಮೇಲಿದ್ದ ಟೀ ಲೋಟಗಳನ್ನು ಸದ್ದಾಗದ ಹಾಗೆ ಒಂದೊಂದಾಗಿ ಎತ್ತಿ ಕೆಳಗಿಟ್ಟಳು.